ಕಾರ್ಖಾನೆಯ ನೀರು, ಉಳ್ಳಾಗಡ್ಡಿಯ ಬೇರು

ನಲವತ್ತು ದಾಟಿದ ಮೇಲೆ ಪಿಎಚ್.ಡಿ.ಗೆ ಹೆಸರು ಹಚ್ಚಿದವರಿಗೆ ವಿಷಯ ಆರಿಸಿಕೊಳ್ಳುವ ಭಾಗ್ಯ ಇರುವುದಿಲ್ಲ. ಇದು ನನಗೆ ತಡವಾಗಿ ಗೊತ್ತಾಯಿತು. ನಾನು ಆಳಂದದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವ ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ, ಆದರೆ ಬಂದು ಎಷ್ಟೋ ವರ್ಷವಾದರೂ ಎದ್ದು ಹೋಗದ ಅತಿಥಿ. ಹೆಸರಿನ ಮುಂದೆ ಡಾಕ್ಟರ್ ಸೇರಿದರೆ ಕಾಲೇಜಿನವರು ನನ್ನನ್ನು ಮನೆಯವಳೆಂದು ಒಪ್ಪಿಕೊಂಡಾರು ಎಂಬ ಆಸೆಯಿಂದ ಕಲಬುರಗಿಯ ಪ್ರಾಧ್ಯಾಪಕರೊಬ್ಬರ ಎದುರು ಹೋಗಿ ಕೂತೆ.

ನನ್ನ ಮನಸ್ಸಿನಲ್ಲಿ ಚಂದದ ಒಂದು ವಿಷಯವಿತ್ತು. ಆಳಂದಕ್ಕೂ ನರೋಣಾಕ್ಕೂ ನಡುವಿನ ಹೊಲದ ಬದುಗಳಲ್ಲಿ ಮಳೆಗಾಲಕ್ಕೆ ಸಣ್ಣ ಸಣ್ಣ ಕಾಡುಹೂಗಳು ಅರಳುತ್ತವೆ. ಒಳ್ಳೆಯ ಸೀರೆ ಉಟ್ಟು ಬದುವಿನ ಮೇಲೆ ನಡೆಯುವುದು, ಹೂ ಕಿತ್ತು ಒಣಗಿಸುವುದು, ಕಾಗದಕ್ಕೆ ಅಂಟಿಸಿ ಕೆಳಗೆ ಹೆಸರು ಬರೆಯುವುದು. ಸಂಶೋಧನೆ ಎಂದರೆ ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಇಷ್ಟೇ.

ಪ್ರಾಧ್ಯಾಪಕರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ ಹೇಳಿದರು, "ಹೂವಿನ ಮ್ಯಾಲ ಬಹಳ ಮಂದಿ ಮಾಡ್ಯಾರ್ರಿ ಮೇಡಂ. ನಿಮ್ಮ ತವರು ಅಫಜಲಪುರ ಕಡೆ ಅಲ್ಲೇನ್ರಿ? ಅಲ್ಲಿ ಡಿಸ್ಟಿಲರಿ ನೀರು ಹೊಲಕ್ಕ ಬಿಡಾಕತ್ತಾರ. ಅದರಿಂದ ಬೆಳಿ ಹೆಂಗ ಬೆಳಿತದ, ಒಳಗ ಜೀವಕೋಶಕ್ಕ ಏನಾಗ್ತದ, ಅದನ್ನ ನೋಡ್ರಿ."

"ಈ ವಿಷಯ ಮೊದಲ ಯಾರಿಗಾದ್ರೂ ಕೊಟ್ಟಿದ್ರೇನ್ರಿ ಸರ್?"

"ಕೊಟ್ಟಿದ್ದೆ. ವಾಸನಿ ತಡಿಲಾರದೆ ಬಿಟ್ಟು ಹೋದ್ರು."

ನಾನು ಅದನ್ನು ನನಗೆ ಬಂದ ಸವಾಲು ಎಂದುಕೊಂಡೆ. ಆಳಂದಕ್ಕೆ ಮರಳುವ ಬಸ್ಸಿನಲ್ಲಿ ಕೂತು, ರೈತರ ನೆಲ ಉಳಿಸಿದ ವಿಜ್ಞಾನಿಯಾಗಿ ಪತ್ರಿಕೆಯವರ ಪ್ರಶ್ನೆಗಳಿಗೆ ಮನಸ್ಸಿನಲ್ಲೇ ಉತ್ತರ ಕೊಡುತ್ತ ಬಂದೆ. ಫೋಟೋಕ್ಕೆ ಯಾವ ಸೀರೆ ಉಡುವುದು ಎನ್ನುವವರೆಗೂ ಯೋಚನೆ ಮುಟ್ಟಿತ್ತು. ಆ ನೀರನ್ನು ಇನ್ನೂ ಕಣ್ಣಿಂದ ಕಂಡಿರಲಿಲ್ಲ.

ಕಬ್ಬಿನಿಂದ ಸಕ್ಕರೆ ತೆಗೆದ ಮೇಲೆ ಕಪ್ಪನೆ ಅಂಟಂಟು ಕಾಕಂಬಿ ಉಳಿಯುತ್ತದೆ. ಅದನ್ನು ಹುಳಿಗೊಳಿಸಿ, ಕಾಯಿಸಿ ಮದ್ಯಸಾರ ಇಳಿಸುತ್ತಾರೆ. ಅದೂ ಆದಮೇಲೆ ತಳದಲ್ಲಿ ಉಳಿಯುವ ಕಪ್ಪು ನೀರು ಯಾರಿಗೂ ಬೇಡ. ನಮ್ಮ ಕಡೆ ಅದಕ್ಕೆ ಕಾರ್ಖಾನಿ ನೀರು ಅನ್ನುತ್ತಾರೆ. ಅದರಲ್ಲಿ ಗಿಡಕ್ಕೆ ಬೇಕಾದ ಸತ್ವವೂ ಇರುತ್ತದೆ, ಗಿಡ ತಡೆದುಕೊಳ್ಳಲಾಗದಷ್ಟು ಉಪ್ಪು, ಹುಳಿ, ಕೊಳೆಯುವ ಪದಾರ್ಥವೂ ಇರುತ್ತದೆ. ಅತನೂರಿನಲ್ಲಿ ಒಕ್ಕಲುತನ ಮಾಡುವ ನನ್ನ ಅಣ್ಣ ಹೋದ ವರ್ಷದಿಂದ ಆ ನೀರನ್ನು ಟ್ಯಾಂಕರಿನಲ್ಲಿ ಹೊಲಕ್ಕೆ ಹೊಡೆಸಿಕೊಳ್ಳುತ್ತಿದ್ದ.

"ಇದಕ್ಕ ನೀ ಓದಬೇಕೇನ ಬೇ? ಕೇಳಿದವರಿಗೆಲ್ಲ ಟ್ಯಾಂಕರಿನವ ಪುಕ್ಕಟೆ ಕೊಡ್ತಾನ," ಎಂದು ಅಣ್ಣ ನಕ್ಕ. ಅಡುಗೆ ಎಣ್ಣೆಯ ಖಾಲಿ ಕ್ಯಾನು ಎರಡು ತೊಳೆದು, ಕಂಠದ ತನಕ ತುಂಬಿ, ಮುಚ್ಚಳವನ್ನು ತನ್ನ ಬಲವೆಲ್ಲ ಹಾಕಿ ಬಿಗಿದು ಕೊಟ್ಟ. ಅಣ್ಣನ ಹೆಂಡತಿ, ನನ್ನ ವೈನಿ, ಮೂಗಿಗೆ ಸೆರಗು ಹಿಡಿದುಕೊಂಡೇ ನನ್ನನ್ನು ಬಸ್ಸಿನವರೆಗೆ ಕಳಿಸಲು ಬಂದಳು.

ಹುದುಗುವ ಕ್ರಿಯೆಯ ಬಗ್ಗೆ ನಾನು ಪ್ರತಿವರ್ಷ ಪಾಠ ಮಾಡುತ್ತೇನೆ. ಸಿಹಿ ಅಂಶ ಉಳಿದ ದ್ರವವನ್ನು ಬಿಗಿಯಾಗಿ ಮುಚ್ಚಿ ಬಿಸಿಯಲ್ಲಿ ಇಟ್ಟರೆ ಅನಿಲ ಹುಟ್ಟುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುತ್ತೇನೆ. ಅಂದು ಬೇಸಿಗೆಯ ನಡುಹಗಲು, ಅಫಜಲಪುರದಿಂದ ಬರುವ ಬಸ್ಸಿನ ಸೀಟಿನ ಕೆಳಗೆ ಆ ಕ್ಯಾನುಗಳನ್ನು ಇಟ್ಟುಕೊಂಡು ಕೂತವಳಿಗೆ ಆ ಪಾಠದ ಒಂದು ಸಾಲೂ ನೆನಪಾಗಲಿಲ್ಲ.

ಅರ್ಧ ದಾರಿಯಲ್ಲಿ ಪಕ್ಕದ ಹೆಂಗಸು ನನ್ನ ಮೊಣಕೈ ತಟ್ಟಿದಳು. "ಅಕ್ಕಾ, ನಿಮ್ಮ ಡಬ್ಬಿ ಬಸುರಾಗ್ಯಾದ ನೋಡ್ರಿ."

ಬಗ್ಗಿ ನೋಡಿದೆ. ಕ್ಯಾನಿನ ನಾಲ್ಕೂ ಮೈ ಉಬ್ಬಿ ದುಂಡಗಾಗಿತ್ತು. ಗಾಬರಿಯಿಂದ ಮುಚ್ಚಳ ತುಸು ತಿರುವಿದೆ. ಬುಸ್ಸೆಂದು ಕಪ್ಪು ನೊರೆ ಮೇಲಕ್ಕೆ ಹಾರಿ ನನ್ನ ಸೀರೆ, ಆ ಹೆಂಗಸಿನ ಚೀಲ, ಎದುರು ಸೀಟಿನ ಬೆನ್ನು ಎಲ್ಲವನ್ನೂ ಮುಟ್ಟಿತು. ಸೀದ ಬೆಲ್ಲ, ಕೊಳೆತ ಹುಲ್ಲು, ಹುಳಿ ಹಿಟ್ಟು ಮೂರನ್ನೂ ಕೂಡಿಸಿದಂಥ ವಾಸನೆ ಬಸ್ಸಿನ ತುಂಬ ಹರಡಿತು.

ಕಂಡಕ್ಟರ್ ಬಾಗಿಲ ಬಳಿಯಿಂದಲೇ ಕೇಳಿದ, "ಯಾರ್ರಿ ಬಸ್ನ್ಯಾಗ ದಾರು ಒಯ್ಯಾಕತ್ತವರು?"

ಎಲ್ಲರ ತಲೆ ನನ್ನ ಕಡೆ ತಿರುಗಿತು. "ದಾರು ಅಲ್ರಿ. ದಾರು ತೆಗೆದ ಮ್ಯಾಲ ಉಳಿದ ನೀರು," ಎಂದೆ.

ಮುಂದಿನ ಸೀಟಿನಲ್ಲಿ ರುಮಾಲು ಸುತ್ತಿಕೊಂಡು ಕೂತಿದ್ದ ಹಿರಿಯರೊಬ್ಬರು ತಿರುಗಿ, "ಹಂಗಾರ ದಾರು ಎಲ್ಲಿ ಇಟ್ಟೀರಿ ತಾಯಿ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು.

ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ಮೇಷ್ಟರಿಕೆಯ ಚಟ. ಎದ್ದು ನಿಂತು, ಮೇಲಿನ ಸರಳು ಹಿಡಿದು, ಸಂಶೋಧನೆಯ ಉದ್ದೇಶ ವಿವರಿಸತೊಡಗಿದೆ. ನೀರಿನಲ್ಲಿ ಕರಗಿದ ಆಮ್ಲಜನಕದವರೆಗೆ ಬಂದಾಗ ಕಂಡಕ್ಟರ್ ತಡೆದ. "ಮೇಡಂ, ಪಾಠ ಆಮ್ಯಾಲ ಹೇಳ್ರಿ. ಮೊದಲ ಅದನ್ನ ಹಿಂದಿನ ಸೀಟಿಗೆ ಒಯ್ರಿ." ಹಿಂದಿನ ಉದ್ದ ಸೀಟಿನಲ್ಲಿ ಕೂತವರೆಲ್ಲ ನಾನು ಬರುವುದನ್ನು ಕಂಡು ಎದ್ದು ಮುಂದೆ ಹೋದರು. ಅಷ್ಟು ದೊಡ್ಡ ಸೀಟಿನಲ್ಲಿ ಒಬ್ಬಳೇ ಕೂತು ಬಂದದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ.

ಆಳಂದದಲ್ಲಿ ನಾನು ಇರುವುದು ಬಾಡಿಗೆ ಮನೆಯ ಮೇಲಂತಸ್ತಿನಲ್ಲಿ. ಕೆಳಗೆ ಮನೆಯೊಡತಿ ತಮ್ಮ ಮಗ ಸೊಸೆಯ ಜೊತೆ ಇದ್ದಾರೆ. ಅವರನ್ನು ನಾನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. ಮನೆಯವರ ಜೊತೆ ಉರ್ದು, ನನ್ನ ಜೊತೆ ಕನ್ನಡ, ಸಿಟ್ಟು ಬಂದಾಗ ಎರಡೂ. ನನ್ನ ಯಜಮಾನರು ಜೇವರ್ಗಿಯ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾರೆ, ಶನಿವಾರ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಾರೆ. ಹೀಗಾಗಿ ವಾರವೆಲ್ಲ ನನ್ನ ಕಷ್ಟಸುಖ ವಿಚಾರಿಸುವವರು ಖಾಲಾ.

ಕ್ಯಾನು ಮಾಳಿಗೆ ಏರಿದ ಮರುದಿನವೇ ಅವರು ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರು, "ಬೇಟಿ, ಮ್ಯಾಲ ಇಲಿ ಸತ್ತದೇನು?"

"ಇಲ್ರಿ ಖಾಲಾ. ರಿಸರ್ಚ್ ಮಾಡಾಕತ್ತೇನಿ."

"ರಿಸರ್ಚ್ ಅಂದ್ರ ಹಿಂಗ ನಾರ್ತದೇನು? ಮತ್ತ ಮಂದಿ ಅದನ್ನ ಯಾಕ ಮಾಡ್ತಾರ?"

 ಕಡೆಗೆ ಒಂದು ಒಪ್ಪಂದಕ್ಕೆ ಬಂದೆವು. ಕ್ಯಾನುಗಳು ಅವರ ಅಡುಗೆಮನೆಯ ಕಿಟಕಿಯಿಂದ ದೂರದ ಮೂಲೆಯಲ್ಲಿರಬೇಕು, ಶುಕ್ರವಾರ ಮನೆಗೆ ಮಂದಿ ಬರುವಾಗ ಅವುಗಳ ಮೇಲೆ ಒದ್ದೆ ಗೋಣಿಚೀಲ ಹೊದಿಸಬೇಕು.

ಮಾಳಿಗೆಯ ಮೇಲೆ ಕುಂಡಗಳ ಸಾಲು ಇಟ್ಟೆ. ಎಲ್ಲದರಲ್ಲೂ ಅದೇ ಮಣ್ಣು, ಅದೇ ತೊಗರಿ, ಅದೇ ಹೆಸರು ಕಾಳು. ಒಂದು ಸಾಲಿಗೆ ಬರೀ ನಲ್ಲಿ ನೀರು. ಆಮೇಲಿನ ಸಾಲುಗಳಿಗೆ ಕಾರ್ಖಾನೆಯ ನೀರನ್ನು ಒಂದಕ್ಕಿಂತ ಒಂದಕ್ಕೆ ಹೆಚ್ಚು ಬೆರೆಸಿದ್ದು. ಕಡೆಯ ಸಾಲಿಗೆ ಏನೂ ಬೆರೆಸದ ಅಪ್ಪಟ ಕಪ್ಪು ನೀರು. ಯಾವುದು ಮೊದಲು ಸಾಯುತ್ತದೆ, ಯಾವುದು ಆಮೇಲೆ ಸಾಯುತ್ತದೆ ಎಂದು ನೋಡುವುದಷ್ಟೇ ಬಾಕಿ ಎಂದುಕೊಂಡಿದ್ದೆ. ಉಪಸಂಹಾರದ ಮೊದಲ ವಾಕ್ಯ ಆಗಲೇ ಬರೆದಿಟ್ಟಿದ್ದೆ. ಅದರಲ್ಲಿ 'ವಿಷ' ಎಂಬ ಪದವಿತ್ತು.

ಅಪ್ಪಟ ಕಪ್ಪು ನೀರು ನನ್ನ ಮಾನ ಉಳಿಸಿತು. ಅಲ್ಲಿ ಒಂದು ಕಾಳೂ ಮೊಳೆಯಲಿಲ್ಲ. ಕೆದಕಿ ನೋಡಿದರೆ ಉಬ್ಬಿ, ಮೆತ್ತಗಾಗಿ ಕೊಳೆತಿದ್ದವು. ಅರ್ಧಕ್ಕರ್ಧ ಬೆರೆಸಿದ ಕುಂಡಗಳಲ್ಲಿ ಮೊಳಕೆ ಎದ್ದವು. ಆದರೆ ಎಲೆ ಹಳದಿ, ಅಂಚು ಸುಟ್ಟಂತೆ ಕಂದು, ಬೇರು ಗಿಡ್ಡ. ಇಷ್ಟಕ್ಕೆ ನಾನು ಬಹಳ ಖುಷಿಯಾಗಿದ್ದೆ. ಆದರೆ ಒಂಬತ್ತು ಪಾಲು ನಲ್ಲಿ ನೀರಿಗೆ ಒಂದು ಪಾಲು ಕಪ್ಪು ನೀರು ಬೆರೆಸಿದ ಸಾಲಿನ ತೊಗರಿ ನನ್ನ ಕಣ್ಣೆದುರೇ ಸೊಂಪಾಗಿ ಏಳತೊಡಗಿತು. ಬರೀ ನೀರು ಕುಡಿದ ಗಿಡಗಳಿಗಿಂತ ಎತ್ತರ, ಅವಕ್ಕಿಂತ ಗಾಢ ಹಸಿರು. ನಾನು ಅಳತೆಪಟ್ಟಿ ಹಿಡಿದು ಒಂದೇ ಗಿಡವನ್ನು ಮತ್ತೆ ಮತ್ತೆ ಅಳೆದೆ. ಎಲೆ ಮಗುಚಿ ಹಿಂದೆ ಎಲ್ಲಾದರೂ ಒಂದು ಕಲೆ ಇದೆಯೇ ಎಂದು ಹುಡುಕಿದೆ. ಇರಲಿಲ್ಲ.

ತಲೆಯ ಮೇಲೆ ಕೈಹೊತ್ತು ಕುಂಡಗಳ ನಡುವೆ ಕೂತಿದ್ದಾಗ ಖಾಲಾ ಬಟ್ಟೆ ಒಣಹಾಕಲು ಬಂದರು. "ಏನಾಯ್ತು ಬೇಟಿ?"

"ಗಿಡ ಚಲೋ ಬಂದಾವ್ರಿ ಖಾಲಾ."

"ಚಲೋ ಬಂದ್ರ ಅಳ್ತಾರೇನು?" ಎಂದು ಅವರು ಗಿಡವನ್ನೂ ನನ್ನನ್ನೂ ಒಂದೊಂದು ಸಲ ನೋಡಿದರು. ಆಮೇಲೆ ನಾನು ಕಾಲೇಜಿಗೆ ಹೋದಾಗ ಆ ಬೆರಕೆ ನೀರಿನಿಂದಲೇ ಒಂದು ಚೊಂಬು ತಮ್ಮ ಪುದೀನಾ ಕುಂಡಕ್ಕೆ ಹಾಕಿದರಂತೆ. ಪುದೀನಾ ಹಬ್ಬಿ ಕುಂಡದ ಹೊರಗೆ ಇಳಿಯಿತು. ಶನಿವಾರ ಅದರ ಚಟ್ನಿ ಒಂದು ಬಟ್ಟಲು ಮೇಲೆ ಬಂತು. ಯಜಮಾನರು ರೊಟ್ಟಿಗೆ ಹಚ್ಚಿಕೊಂಡು ಬಾಯಿ ಚಪ್ಪರಿಸಿ ತಿಂದು, ಪುದೀನಾಕ್ಕೆ ಏನು ಹಾಕಿದಿರಿ ಎಂದು ಕೆಳಗೆ ಹೋಗಿ ಕೇಳಿ ಬಂದರು. ಬಂದ ಮೇಲೆ ಬಟ್ಟಲನ್ನು ದೂರ ಸರಿಸಿ ಒಂದು ಚೊಂಬು ನೀರು ಕುಡಿದರು.

ನಾನು ಪ್ರಾಧ್ಯಾಪಕರಿಗೆ ಫೋನು ಮಾಡಿದೆ. "ಸರ್, ಗಿಡ ಸಾಯವಲ್ಲವು."

"ಸಾಯಲಿ ಅಂತ ಯಾಕ ಕುಂತೀರಿ ಮೇಡಂ? ಏನಾಗ್ತದ ನೋಡಾಕ ಅಲ್ಲೇನ್ರಿ ನೀವು ಕುಂತಿದ್ದು?" ಎಂದರು ಅವರು. ಆಮೇಲೆ, "ಎತ್ತರ ಅಳದ್ರ ಅರ್ಧ ಆಯ್ತು. ಇನ್ನು ಬೇರಿನ ತುದಿ ನೋಡ್ರಿ," ಎಂದು ಸೇರಿಸಿದರು.

ಬೇರಿನ ತುದಿಯಲ್ಲಿ ಜೀವಕೋಶಗಳು ಒಂದು ಎರಡಾಗಿ ಒಡೆಯುತ್ತಲೇ ಇರುತ್ತವೆ. ಬೇರು ಉದ್ದವಾಗುವುದೇ ಹಾಗೆ. ಅದನ್ನು ನೋಡಲು ಉಳ್ಳಾಗಡ್ಡಿಯಷ್ಟು, ಅಂದರೆ ಈರುಳ್ಳಿಯಷ್ಟು, ಅನುಕೂಲದ ಗಿಡ ಬೇರೆ ಇಲ್ಲ. ಗಡ್ಡೆಯ ಬುಡವನ್ನು ನೀರಿಗೆ ತಾಗಿಸಿ ಇಟ್ಟರೆ ಸಾಕು, ಬಿಳಿ ಗಡ್ಡದಂತೆ ಬೇರು ಇಳಿಯುತ್ತದೆ. ಮನೆಯಲ್ಲಿದ್ದ ಗಾಜಿನ ಲೋಟಗಳೆಲ್ಲ ಉಳ್ಳಾಗಡ್ಡಿಯ ಪಾಲಾದವು. ಒಂದೊಂದರಲ್ಲಿ ಒಂದೊಂದು ಬಗೆಯ ನೀರು. ಬಂದವರಿಗೆ ಚಹಾ ಸ್ಟೀಲಿನ ಲೋಟದಲ್ಲಿ. ಲೋಟಗಳನ್ನು ಸಾಲಾಗಿ ಇಟ್ಟ ಕಿಟಕಿಯ ಕಡೆ ಕಣ್ಣು ಹೋದವರು ಚಹಾ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು.

ಬೇರಿನ ತುದಿ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಎರಡು ತುಣುಕುಗಳ ನಡುವೆ ಇಟ್ಟು ಹೆಬ್ಬೆರಳಿನಿಂದ ಒತ್ತಬೇಕು. ಒತ್ತಡ ಹದವಾಗಿರಬೇಕು ಎಂದು ಪುಸ್ತಕ ಹೇಳುತ್ತದೆ. ಜೋಳದ ಹಿಟ್ಟು ನಾದಿ, ರೊಟ್ಟಿ ಬಡಿದು ಬೆಳೆದ ನನ್ನ ಕೈಗೆ ಆ ಹದ ಸಿಗಲು ಗಾಜಿನ ಡಬ್ಬಿಗಳೇ ಖಾಲಿಯಾದವು. ವಿದ್ಯಾರ್ಥಿಗಳಿಗೆ ಮೆಲ್ಲಗೆ ಒತ್ತಿ ಎಂದು ಹೇಳುತ್ತಿದ್ದವಳು ಈಗ ಅವರು ಲ್ಯಾಬಿಗೆ ಬರುವ ಮುಂಚೆ ಚೂರುಗಳನ್ನು ಗುಡಿಸಿ ತೆಗೆಯುತ್ತಿದ್ದೆ.

ಕಡೆಗೊಂದು ಬೆಳಿಗ್ಗೆ ಕರೆಂಟು ಹೋಗಿತ್ತು. ಸೂಕ್ಷ್ಮದರ್ಶಕವನ್ನು ಕಿಟಕಿಯ ಬಳಿ ಒಯ್ದು, ಕನ್ನಡಿಯಿಂದ ಬಿಸಿಲು ಹಿಡಿದು ನೋಡಿದೆ. ಮೊದಲು ಬರೀ ನೀರಿನ ಬೇರು. ಕೋಶದ ನಡುವೆ ವರ್ಣತಂತುಗಳು, ಅಂದರೆ ತಾಯಿಯಿಂದ ಮಗಳಿಗೆ ಗುಣ ಒಯ್ಯುವ ಆ ಎಳೆಗಳು, ಸಾಲಾಗಿ ನಿಂತಿದ್ದವು. ಪಕ್ಕದ ಕೋಶದಲ್ಲಿ ಅವೇ ಎಳೆಗಳು ಸರಿಸಮ ಪಾಲಾಗಿ ಎರಡು ಕಡೆಗೆ ಸರಿದಿದ್ದವು. ಅಷ್ಟು ಅಚ್ಚುಕಟ್ಟಾದ ಪಾಲು ಯಾವ ಮನೆಯಲ್ಲೂ ಆಗುವುದಿಲ್ಲ.

ಆಮೇಲೆ ಒಂಬತ್ತಕ್ಕೆ ಒಂದು ಪಾಲು ಬೆರೆಸಿದ ನೀರಿನ ಬೇರು ಇಟ್ಟೆ. ತೊಗರಿ ಸೊಂಪಾಗಿ ಬೆಳೆದದ್ದು ಇದೇ ನೀರಿನಲ್ಲಿ. ಬಹಳಷ್ಟು ಕೋಶಗಳು ಸರಿಯಾಗಿಯೇ ಇದ್ದವು. ಆದರೆ ಅಲ್ಲೊಂದು ಇಲ್ಲೊಂದು ಕೋಶದಲ್ಲಿ ಎರಡು ಪಾಲುಗಳ ನಡುವೆ ಒಂದು ಎಳೆ ಬಿಡಿಸಿಕೊಳ್ಳಲಾಗದೆ ಸೇತುವೆಯಂತೆ ಜಗ್ಗಿಕೊಂಡಿತ್ತು. ಇನ್ನೊಂದರಲ್ಲಿ ಒಂದು ತುಣುಕು ಯಾವ ಕಡೆಗೂ ಸೇರದೆ ನಡುವೆ ಉಳಿದಿತ್ತು. ಅರ್ಧಕ್ಕರ್ಧ ಬೆರೆಸಿದ್ದರಲ್ಲಿ ಒಡೆಯುತ್ತಿರುವ ಕೋಶ ಸಿಗುವುದೇ ಕಷ್ಟ. ಸಿಕ್ಕವುಗಳಲ್ಲಿ ಎಳೆಗಳೆಲ್ಲ ಅಂಟಿಕೊಂಡು ಮಸಿಯ ಹನಿಯಂತಾಗಿದ್ದವು.

ನಾನು ಖುಷಿಯಿಂದ ಲ್ಯಾಬಿನಲ್ಲಿ ಒಂದು ಸುತ್ತು ಹಾಕಿದೆ. ಬಾಗಿಲಲ್ಲಿ ನಿಂತಿದ್ದ ವಿದ್ಯಾರ್ಥಿನಿ ಏನಾಯಿತು ಮೇಡಂ ಎಂದು ಕೇಳಿದಳು. ಜೀವಕೋಶ ಹಾಳಾಗಿವೆ ಎಂದು ನಗುತ್ತ ಹೇಳಿದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಅವಳ ಮುಖ ನೋಡಿದ ಮೇಲೆಯೇ ನಾನು ಯಾವುದಕ್ಕೆ ಕುಣಿಯುತ್ತಿದ್ದೇನೆ ಎಂಬುದು ತಲೆಗೆ ಹೊಳೆದದ್ದು. ಆ ನೀರು ನನ್ನ ಲೋಟದಲ್ಲಷ್ಟೇ ಇರಲಿಲ್ಲ, ಅಣ್ಣನ ಹೊಲದಲ್ಲೂ ಇತ್ತು. ಕೂಡಲೇ ಫೋನು ಹಚ್ಚಿದೆ.

"ಅಣ್ಣಾ, ಜೀವಕೋಶ ಹಾಳಾಗ್ಯಾವ."

ಅತ್ತಲಿಂದ ಗಾಬರಿಯ ದನಿ ಬಂತು. "ಯಾರಿಗೆ ಬೇ? ದವಾಖಾನಿಗೆ ತೋರ್ಸೀರೋ ಇಲ್ಲೋ?"

"ಉಳ್ಳಾಗಡ್ಡಿಗೆ."

ಅಣ್ಣ, "ಉಂಡೀಯೇನು?" ಎಂದು ಕೇಳಿದ.

ಫೋನಿನಲ್ಲಿ ಇದು ಆಗುವ ಕೆಲಸವಲ್ಲ ಎಂದು ಪ್ರಾಂಶುಪಾಲರ ಅನುಮತಿ ಪಡೆದು ಸೂಕ್ಷ್ಮದರ್ಶಕವನ್ನೇ ಅತನೂರಿಗೆ ಒಯ್ದೆ. ಬಸ್ಸಿನಲ್ಲಿ ಅದನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಪಕ್ಕದವರು ಕೂಸು ಎಷ್ಟು ತಿಂಗಳದ್ದು ಎಂದು ಕೇಳಿದರು. ಕಾಲೇಜಿಂದು ಎಂದು ಹೇಳಿ ಮತ್ತಷ್ಟು ಗೊಂದಲ ಮಾಡಿದೆ.

ಅಣ್ಣನ ಮನೆಯ ಅಂಗಳದಲ್ಲಿ, ಬಿಸಿಲು ಬೀಳುವ ಕಡೆ ಸ್ಟೂಲಿನ ಮೇಲೆ ಅದನ್ನು ಇಟ್ಟೆ. ಟ್ಯಾಂಕರ್ ನೀರು ಹೊಡೆಸಿಕೊಳ್ಳುವ ಅಕ್ಕಪಕ್ಕದ ರೈತರನ್ನು ಅಣ್ಣ ಕರೆದಿದ್ದ. ಒಬ್ಬೊಬ್ಬರೇ ಬಗ್ಗಿ ನೋಡಿದರು. ಮೊದಲನೆಯವರಿಗೆ ತಮ್ಮ ರೆಪ್ಪೆಯ ಕೂದಲು ಕಂಡಿತು. ಎರಡನೆಯವರು ಗಾಜಿನ ಕೆಳಗಿನ ಗಾಳಿಗುಳ್ಳೆಯನ್ನು ನೋಡಿ, "ಅಬ್ಬಬ್ಬ, ಎಷ್ಟು ದುಂಡಗ ಅದರಿ," ಎಂದು ಮನಸಾರೆ ಹೊಗಳಿದರು. ಮೂರನೆಯವರಿಗೆ ನಾನೇ ತಲೆ ಹಿಡಿದು ಕಣ್ಣನ್ನು ಸರಿಯಾದ ಜಾಗಕ್ಕೆ ತಂದು, ಸೇತುವೆಯಂಥ ಎಳೆ ತೋರಿಸಿದೆ.

"ಕಾಣ್ತದ್ರಿ. ದಾರ ಹರದಂಗ ಆಗ್ಯಾದ," ಎಂದರು ಅವರು. ಆಮೇಲೆ ತಲೆ ಎತ್ತಿ, "ಇದು ಯಾವುದರದ್ರಿ?"

"ಉಳ್ಳಾಗಡ್ಡೀದ್ರಿ."

"ನಂದು ಕಬ್ಬು ಅದರಿ," ಎಂದು ಅವರು ಹಿಂದೆ ಸರಿದರು, ತಪ್ಪು ಮನೆಗೆ ಬಂದವರ ಹಾಗೆ.

ಉಳ್ಳಾಗಡ್ಡಿ ಒಂದು ಉದಾಹರಣೆ, ಕೋಶ ಎಲ್ಲ ಗಿಡದಲ್ಲೂ ಹೀಗೇ ಒಡೆಯುತ್ತದೆ ಎಂದು ವಿವರಿಸಿದೆ. ಕಬ್ಬಿಗೂ ಹೀಗೇ ಆಗುತ್ತದೆಯೇ ಎಂದು ಯಾರೋ ಕೇಳಿದರು. ನೋಡಿಲ್ಲ ಎಂದೆ. ಇದರಿಂದ ಇಳುವರಿ ಕಡಿಮೆಯಾಗುತ್ತದೆಯೇ ಎಂದು ಇನ್ನೊಬ್ಬರು ಕೇಳಿದರು. ಅದನ್ನೂ ನೋಡಿಲ್ಲ ಎಂದೆ. ವೈನಿ ಎಲ್ಲರಿಗೂ ಚಹಾ ತಂದಳು. ನನ್ನ ಉಪನ್ಯಾಸದಲ್ಲಿ ಎಲ್ಲರಿಗೂ ಒಪ್ಪಿಗೆಯಾದ ಭಾಗ ಅದು.

ಜನ ಚದುರುವ ಮುಂಚೆ, ಸುಮ್ಮನೆ ಮಾತಿಗೆಂದು ನಾನು ಅಣ್ಣನನ್ನು ಕೇಳಿದೆ, "ನೀ ಒಂದು ಟ್ಯಾಂಕರಿಗೆ ಎಷ್ಟು ನೀರು ಬೆರಸ್ತಿ?"

"ಬೆರಸೋದು ಏನು? ಬಂದಂಗ ಬಿಡ್ತೇನಿ."

"ನೀರು ಬೆರಸಂಗೇ ಇಲ್ಲೇನು?"

"ಅಷ್ಟು ನೀರು ನನ್ನ ಹತ್ರ ಇದ್ರ ಅದನ್ನೇ ಬೆಳಿಗೆ ಬಿಡ್ತಿದ್ದೆನಲ್ಲ ಬೇ. ಟ್ಯಾಂಕರ್ ಯಾಕ ಕರೀತಿದ್ದೆ?"

 ಬೇಸಿಗೆಯಿಡೀ ನಾನು ಲೋಟ ಚಮಚ ಹಿಡಿದು ಒಂದಕ್ಕೆ ಒಂಬತ್ತು, ಒಂದಕ್ಕೆ ನಾಲ್ಕು ಎಂದು ಅಳೆದದ್ದೇ ಅಳೆದದ್ದು. ಅಂಥ ನೀರನ್ನು ಆ ಊರಿನಲ್ಲಿ ಯಾರೂ ಹೊಲಕ್ಕೆ ಬಿಡುತ್ತಿರಲಿಲ್ಲ. ಅವರು ಬಿಡುತ್ತಿದ್ದದ್ದು ನನ್ನ ಕಡೆಯ ಸಾಲಿನ ನೀರು, ಒಂದು ಕಾಳೂ ಮೊಳೆಯದ ಕುಂಡದ್ದು. ಅದನ್ನು ತಿಳಿಯಲು ನಾನು ಮೊದಲ ದಿನವೇ ಒಂದು ಮಾತು ಕೇಳಿದ್ದರೆ ಸಾಕಿತ್ತು.

"ನಡಿ ಅಣ್ಣಾ, ಹೊಲ ತೋರ್ಸು," ಎಂದೆ.

ಟ್ಯಾಂಕರು ನಿಂತು ಪೈಪು ಬಿಟ್ಟಿದ್ದ ಜಾಗ ದೂರದಿಂದಲೇ ಗೊತ್ತಾಗುತ್ತಿತ್ತು. ಮಣ್ಣು ಕಪ್ಪಾಗಿ, ಮೇಲೆ ಹಪ್ಪಳದಂಥ ಪದರು ಕಟ್ಟಿತ್ತು. ಅದರ ಸುತ್ತ ಕಬ್ಬು ಮೊಣಕಾಲೆತ್ತರಕ್ಕೇ ನಿಂತು ಸುಳಿ ಒಣಗಿಸಿಕೊಂಡಿತ್ತು. ಅಣ್ಣ ಅದನ್ನು ನನಗೆ ತೋರಿಸುವ ಬದಲು ಕೈ ಹಿಡಿದು ಆಚೆ ತುದಿಗೆ ಕರೆದೊಯ್ದ. ಅಲ್ಲಿ ಹೋದ ಬೇಸಿಗೆ, ಬೆಳೆ ಇಲ್ಲದಾಗ, ನೀರು ತೆಳ್ಳಗೆ ಹರಡಿಕೊಂಡಿತ್ತಂತೆ. ಆಮೇಲೆ ಮಳೆಗಾಲ ಪೂರ್ತಿ ಅದರ ಮೇಲೆ ಸುರಿದಿತ್ತು. ಅಲ್ಲಿನ ಕಬ್ಬು ದಟ್ಟ ಹಸಿರಾಗಿ ನನ್ನ ತಲೆಗಿಂತ ಎತ್ತರ ಬೆಳೆದಿತ್ತು.

"ಇದನ್ನ ನೋಡಿ ನಾ ಪಸಂದ ಮಾಡೇನಿ," ಎಂದ ಅಣ್ಣ. "ಅಲ್ಲಿ ಹಂಗ್ಯಾಕ ಆಗ್ಯಾದ ತಿಳಿವಲ್ಲದು. ಬೀಜಾನ ಸುಮಾರು ಇರಬೇಕು ಅಂದಿದ್ದೆ."

ಕುಕ್ಕರಗಾಲಿನಲ್ಲಿ ಕೂತು ಎರಡೂ ಕಡೆಯಿಂದ ಒಂದೊಂದು ಬುಡ ಅಗೆದೆವು. ಹಸಿರು ಕಡೆಯ ಬೇರು ಬೆಳ್ಳಗೆ, ಕೂದಲಿನಂತೆ ಹಬ್ಬಿತ್ತು. ಪೈಪಿನ ಕಡೆಯದು ಕಂದು ಬಣ್ಣದ ಗಿಡ್ಡ ಬೇರು. ಕೈಯಲ್ಲಿ ಉಜ್ಜಿದರೆ ಸಿಪ್ಪೆ ಬಿಡುತ್ತಿತ್ತು. ನನ್ನ ಮಾಳಿಗೆಯ ಅರ್ಧಕ್ಕರ್ಧ ಕುಂಡದ ಬೇರೂ ಹೀಗೇ ಇತ್ತು. ಸೂಕ್ಷ್ಮದರ್ಶಕ ಮನೆಯಲ್ಲೇ ಇತ್ತು, ಅದರ ಅಗತ್ಯ ಯಾರಿಗೂ ಬೀಳಲಿಲ್ಲ. ಅಣ್ಣ ಎರಡೂ ಬೇರುಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದ. ನನ್ನ ಮಾತಿಗೆ ಅವನು ಮೊದಲ ಸಲ ನಗದೆ ಕಿವಿಗೊಟ್ಟದ್ದು ಆಗಲೇ.

ಬದುವಿನ ಮೇಲೆ ಕೂತು ಇಬ್ಬರೂ ಒಂದು ತೀರ್ಮಾನಕ್ಕೆ ಬಂದೆವು. ನಿಂತ ಬೆಳೆಗೆ ಆ ನೀರು ಬೇಡ. ಬೇಕೇ ಆದರೆ ಬೆಳೆ ತೆಗೆದ ಮೇಲೆ, ಮಳೆಗೆ ಮುಂಚೆ, ಖಾಲಿ ಹೊಲಕ್ಕೆ ತೆಳ್ಳಗೆ ಹರಡಿಸಬೇಕು. ಅದೂ ಹೊಲದ ಒಂದು ಪಟ್ಟಿಗೆ ಮಾತ್ರ. ಪಕ್ಕದ ಪಟ್ಟಿಗೆ ಏನೂ ಹಾಕದೆ ಬಿಟ್ಟು, ಎರಡನ್ನೂ ನೋಡಬೇಕು. ಸಂಜೆ ಈ ಮಾತು ಕೇಳಿದ ವೈನಿ ತನ್ನದೊಂದು ಷರತ್ತು ಸೇರಿಸಿದಳು.

"ಬಾವಿ ಕಡೆ ಟ್ಯಾಂಕರ್ ಬರಬಾರದು. ಬಾವಿ ನೀರು ಚಹಾದ ಬಣ್ಣ ಆಗ್ಯಾದ. ಅರಿವಿ ಒಗದ್ರ ಬೆಳ್ಳನ್ನ ಧೋತ್ರ ಕೆಂಪಗ ಬರ್ತದ. ನಾ ಹೇಳಿದ್ರ ಇವರು ಕೇಳಂಗಿಲ್ಲ."

"ಯಾವಾಗ ಹೇಳಿದ್ದಿ ನೀ?" ಎಂದ ಅಣ್ಣ.

"ಧೋತ್ರ ತೋರ್ಸಿದ್ದೆ."

ಆ ಬಾವಿಯ ನೀರನ್ನೂ ನಾನು ಒಂದು ಬಾಟಲಿಯಲ್ಲಿ ತುಂಬಿಕೊಂಡೆ. ಈ ಸಲ ಮುಚ್ಚಳ ಸಡಿಲವಾಗಿ ಹಾಕಿದೆ. ಆಳಂದ ಮುಟ್ಟುವಷ್ಟರಲ್ಲಿ ಅರ್ಧ ನೀರು ನನ್ನ ಚೀಲದೊಳಗಿತ್ತು.

ಹಳೆಯ ಉಪಸಂಹಾರದ ವಾಕ್ಯ ಹೊಡೆದು ಹಾಕಿದೆ. ಬಾವಿಯ ನೀರನ್ನೂ ಹೊಲದ ಮಣ್ಣನ್ನೂ ತರಿಸಿ ಮತ್ತೊಮ್ಮೆ ಕುಂಡ ಇಟ್ಟೆ, ಮತ್ತೊಮ್ಮೆ ಉಳ್ಳಾಗಡ್ಡಿ ಇಟ್ಟೆ. ಬಾವಿಯ ನೀರಿನಲ್ಲೂ ಅಪರೂಪಕ್ಕೊಂದು ಸೇತುವೆ ಸಿಕ್ಕಿತು. ಅದನ್ನು ಕಂಡಾಗ ಈ ಸಲ ಕುಣಿಯಲಿಲ್ಲ. ಕುಡಿಯುವ ನೀರು ಊರಿನ ನಲ್ಲಿಯದೇ ಇರಲಿ, ಬಾವಿಯದು ದನಕ್ಕೂ ಬೇಡ ಎಂದು ವೈನಿಗೆ ಹೇಳಿದೆ. ಅವಳು ಅದನ್ನು ಆಗಲೇ ಮಾಡಿಯಾಗಿತ್ತು. ಮುಂದಿನ ವರ್ಷ ಅಣ್ಣನ ಪಟ್ಟಿಗಳಲ್ಲಿ ಬಂದ ಫಲವೂ ಹೇಳಿಕೊಳ್ಳುವಷ್ಟು ನಾಟಕೀಯವಾಗಿರಲಿಲ್ಲ. ತೆಳ್ಳಗೆ ಹರಡಿದ ಪಟ್ಟಿಯ ಕಬ್ಬು ತುಸು ಹೆಚ್ಚು ಹಸಿರು, ಹಾಕದ ಪಟ್ಟಿಯದು ತುಸು ಕಡಿಮೆ. ಪೈಪು ಬಿಟ್ಟ ಜಾಗದಲ್ಲಿ ಮಾತ್ರ ಈಗಲೂ ಏನು ಹಾಕಿದರೂ ಏಳುತ್ತಿಲ್ಲ. ಅಲ್ಲಿ ಅಣ್ಣ ಒಣ ಜೋಳದ ಕಣಿಕೆಯ ಬಣವೆ ಒಟ್ಟಿದ್ದಾನೆ.

ಪ್ರಬಂಧ ಒಪ್ಪಿಸಿದೆ. ಅದು ಎಲ್ಲಿಗೆ ಬಂತು ಎಂದು ಕೇಳುವುದನ್ನು ಮನೆಯವರು ಬಿಟ್ಟಿದ್ದಾರೆ. ಅಣ್ಣ ಮಾತ್ರ ನನ್ನ ಸಂಶೋಧನೆಯನ್ನು ಸಂತೆಯಲ್ಲಿ, ಮದುವೆ ಮನೆಯಲ್ಲಿ, ಕಂಡಕಂಡವರಿಗೆಲ್ಲ ತನ್ನದೇ ರೀತಿಯಲ್ಲಿ ಹೇಳಿದ. ಅದರ ಪರಿಣಾಮ ನನಗೆ ಗೊತ್ತಾದದ್ದು ಜೇವರ್ಗಿಯಲ್ಲಿ. ಯಜಮಾನರ ಶಾಲೆಯಲ್ಲಿ ಮಕ್ಕಳಿಗೆ ಸೂಕ್ಷ್ಮದರ್ಶಕ ತೋರಿಸಲು ಹೋಗಿದ್ದೆ. ಮುಗಿದ ಮೇಲೆ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಇಬ್ಬರೂ ಕೂತಿದ್ದಾಗ, ಯಡ್ರಾಮಿ ಕಡೆಯ ರೈತರೊಬ್ಬರು ಪಕ್ಕದಲ್ಲಿ ಕೂತು ಮಾತಿಗಿಳಿದರು. ಅವರ ಬೀಗರ ಊರು ಅಫಜಲಪುರದ ಹತ್ತಿರವಂತೆ.

"ಆ ಕಡೆ ಕಾರ್ಖಾನಿ ನೀರು ಹೊಲಕ್ಕ ಬಿಡ್ತಾರ್ರಿ. ಬಹಳ ಚಲೋ ಅಂತ. ಉಳ್ಳಾಗಡ್ಡಿಗೊಂದು ಆಗಂಗಿಲ್ಲ ಅಂತ," ಎಂದರು ಅವರು.

"ಯಾರು ಹೇಳ್ಯಾರ್ರಿ?" ಎಂದೆ.

"ಯಾರೋ ಒಬ್ಬಾಕಿ ದುರ್ಬೀನು ಹಚ್ಚಿ ನೋಡ್ಯಾಳಂತ. ಉಳ್ಳಾಗಡ್ಡಿ ಒಳಗಿನ ದಾರ ಹರಿತಾವಂತ. ಉಳಿದ ಬೆಳಿಗೆ ಏನೂ ಆಗಂಗಿಲ್ಲಂತ. ನಾ ಈ ವರ್ಷ ಉಳ್ಳಾಗಡ್ಡಿ ಬಿಟ್ಟು ತೊಗರಿಗೆ ತರಿಸಬೇಕಂತ ಮಾಡೇನಿ."

ಯಜಮಾನರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಪೇಪರು ಅಲುಗುತ್ತಿತ್ತು.

ಆ ಒಬ್ಬಾಕಿ ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಉಳ್ಳಾಗಡ್ಡಿಯಿಂದ ಶುರುಮಾಡಬೇಕಾಗುತ್ತಿತ್ತು. ಅದರ ಬದಲು ತೊಗರಿ ಬಿತ್ತಿ ಆಗಿದೆಯೇ ಎಂದು ಕೇಳಿದೆ. ಇನ್ನೂ ಇಲ್ಲ, ಹೊಲ ಖಾಲಿ ಇದೆ ಎಂದರು. ನೀರು ಬೆರೆಸಲು ಸಾಧ್ಯವೇ ಎಂದೆ. ಎಲ್ಲಿಯ ನೀರು ಎಂದು ನಕ್ಕರು.

"ಹಂಗಾರ ಬೆಳಿ ನಿಂತಾಗ ಬಿಡಬ್ಯಾಡ್ರಿ. ಬೇರು ಸುಡ್ತದ. ಬಿಡೋದಿದ್ರ ಈಗ, ಖಾಲಿ ಹೊಲಕ್ಕ, ತೆಳ್ಳಗ ಬಿಡ್ರಿ, ಅದೂ ಒಂದ ಪಟ್ಟಿಗೆ. ಬಾವಿ ಕಡೆ ಬ್ಯಾಡ. ಒಂದು ಮಳಿಗಾಲ ದಾಟಲಿ, ಆಮ್ಯಾಲ ಎರಡೂ ಕಡೆ ಬೇರು ಕಿತ್ತು ನೋಡ್ರಿ," ಎಂದೆ.

ಅವರು ತಲೆಯಾಡಿಸಿದರು. "ನೀವು ಒಕ್ಕಲುತನದವರೇನ್ರಿ?"

"ನಮ್ಮಣ್ಣ ಮಾಡ್ತಾನ್ರಿ."

"ಮಾತು ಕೇಳಿದ್ರ ಗೊತ್ತಾಗ್ತದ," ಎಂದು ಅವರು ಯಡ್ರಾಮಿ ಬಸ್ಸು ಬಂದದ್ದು ನೋಡಿ ಎದ್ದರು. ಬಸ್ಸು ಹತ್ತುವ ಮುಂಚೆ ತಿರುಗಿ, ಬಾವಿಯಿಂದ ಎಷ್ಟು ದೂರ ಬಿಡಬೇಕು ಎಂದು ಕೇಳಿದರು. ಎಷ್ಟು ದೂರ ಆಗುತ್ತದೋ ಅಷ್ಟು ಎಂದೆ. ಅದರ ಸರಿಯಾದ ಲೆಕ್ಕ ನನಗೆ ಗೊತ್ತಿರಲಿಲ್ಲ.